ಹ್ಯಾಲೋವೀನ್ ಬಯಲು ಭೀತಿ ಪ್ರದರ್ಶನ

ಹ್ಯಾಲೋವೀನ್ ಬಯಲು ಭೀತಿ ಪ್ರದರ್ಶನವು ಪ್ರತಿವರ್ಷ ಅಕ್ಟೋಬರ್ ೩೧ರಂದು ಆಚರಿಸಲಾಗುವ ಹ್ಯಾಲೋವೀನ್ ಹಬ್ಬದ ಆಸುಪಾಸಿನಲ್ಲಿ ಕಾಡು, ಹೊಲ, ತೋಟ ಮೊದಲಾದ ತೆರೆದ ಸ್ಥಳಗಳಲ್ಲಿ ರಾತ್ರಿಯ ವೇಳೆ ಏರ್ಪಡಿಸುವ ಒಂದು ಮನರಂಜನಾ ಪ್ರಕಾರ. ಟಿಕೆಟ್ ಪಡೆದು ಒಳಬರುವ ಸಂದರ್ಶಕರನ್ನು ವೇಷಧಾರಿ ನಟರು, ರಂಗಸಜ್ಜಿಕೆ, ಬೆಳಕು, ಶಬ್ದ ಹಾಗೂ ಕೃತಕ ಮಂಜಿನ ಮೂಲಕ ಹೆದರಿಸುವುದು ಇದರ ಉದ್ದೇಶ. ಇದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅತಿ ಹೆಚ್ಚು ಪ್ರಚಲಿತವಾಗಿದ್ದು, ಕೆನಡಾ ಮತ್ತು ಬ್ರಿಟನ್‌ಗಳಲ್ಲಿಯೂ ಕಂಡುಬರುತ್ತದೆ. ಸಾಮಾನ್ಯವಾಗಿ ಸೆಪ್ಟೆಂಬರ್ ಅಂತ್ಯದಿಂದ ನವೆಂಬರ್ ಆರಂಭದವರೆಗೆ, ಮುಖ್ಯವಾಗಿ ವಾರಾಂತ್ಯಗಳಲ್ಲಿ ಪ್ರದರ್ಶನಗಳು ನಡೆಯುತ್ತವೆ.

ಹೆಸರು

ಇಂಗ್ಲಿಷಿನಲ್ಲಿ ಇಂತಹ ಎಲ್ಲ ಪ್ರದರ್ಶನಗಳಿಗೂ 'ಹಾಂಟೆಡ್ ಅಟ್ರ್ಯಾಕ್ಷನ್' ಎಂಬ ಸಾಮಾನ್ಯ ಹೆಸರಿದೆ. ಕಟ್ಟಡದೊಳಗೆ ನಡೆಯುವುದು 'ಹಾಂಟೆಡ್ ಹೌಸ್'. ಇದನ್ನು ಕನ್ನಡದಲ್ಲಿ 'ಭೂತ ಬಂಗಲೆ' ಅಥವಾ 'ದೆವ್ವದ ಮನೆ' ಎನ್ನುವುದುಂಟು. ತುಳುನಾಡಿನ ಭೂತಾರಾಧನೆಯಲ್ಲಿ 'ಭೂತ' ಎಂದರೆ ಪೂಜೆಗೊಳ್ಳುವ ದೈವ. ಆ ಅರ್ಥಕ್ಕೂ ಈ ಪ್ರದರ್ಶನಗಳಿಗೂ ಸಂಬಂಧವಿಲ್ಲ.

ಇತಿಹಾಸ

ಹ್ಯಾಲೋವೀನ್ ಆಚರಣೆಯ ಬೇರುಗಳು ಕೆಲ್ಟಿಕ್ ಜನರ 'ಸಾವಿನ್' ಎಂಬ ಸುಗ್ಗಿಯ ಅಂತ್ಯದ ಹಬ್ಬದಲ್ಲಿವೆ ಎಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳಿಂದ ವಲಸೆ ಬಂದವರು ಇದನ್ನು ಅಮೆರಿಕಕ್ಕೆ ತಂದರು.

ಹಣ ಕೊಟ್ಟು ಹೆದರಿಕೊಳ್ಳುವ ಮನರಂಜನೆ ಯೂರೋಪಿನಲ್ಲಿ ಮೊದಲೇ ಇತ್ತು. ೧೭೯೦ರ ದಶಕದಲ್ಲಿ ಎತಿಯೆನ್-ಗ್ಯಾಸ್ಪರ್ ರಾಬರ್ಟ್ ಪ್ಯಾರಿಸಿನಲ್ಲಿ ದೀಪ ಮತ್ತು ಗಾಜಿನ ಚಿತ್ರಗಳ ಸಹಾಯದಿಂದ ಪ್ರೇತಗಳನ್ನು ಮೂಡಿಸುವ ಪ್ರದರ್ಶನ ನಡೆಸಿದನು. ೧೮೦೨ರಲ್ಲಿ ಲಂಡನ್ನಿಗೆ ಬಂದ ಮೇರಿ ಟುಸ್ಸಾಡ್, ಫ್ರೆಂಚ್ ಕ್ರಾಂತಿಯಲ್ಲಿ ಶಿರಚ್ಛೇದಕ್ಕೆ ಒಳಗಾದವರ ಮೇಣದ ಮುಖಗಳನ್ನು ಪ್ರದರ್ಶಿಸಿದಳು.

ಅಮೆರಿಕದಲ್ಲಿ ೧೯೩೦ರ ದಶಕದ ಆರ್ಥಿಕ ಮಹಾಕುಸಿತದ ಕಾಲದಲ್ಲಿ ಹ್ಯಾಲೋವೀನ್ ರಾತ್ರಿ ಹುಡುಗರ ಪುಂಡಾಟ ಮತ್ತು ಆಸ್ತಿಹಾನಿ ಹೆಚ್ಚಾಯಿತು. ಅವರ ಗಮನವನ್ನು ಬೇರೆಡೆಗೆ ಸೆಳೆಯಲು ಪೋಷಕರೂ ಊರಿನ ಸಂಘಗಳೂ ಮನೆಯ ನೆಲಮಾಳಿಗೆಗಳಲ್ಲಿ 'ಭೀತಿಯ ದಾರಿ'ಗಳನ್ನು ಸಿದ್ಧಪಡಿಸತೊಡಗಿದವು. ೧೯೬೯ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 'ಹಾಂಟೆಡ್ ಮ್ಯಾನ್ಷನ್' ತೆರೆದ ಮೇಲೆ ಈ ಪ್ರಕಾರಕ್ಕೆ ರಾಷ್ಟ್ರವ್ಯಾಪಿ ಜನಪ್ರಿಯತೆ ದೊರೆಯಿತು. ೧೯೭೦ರ ದಶಕದಲ್ಲಿ ಜೇಸೀಸ್‌ನಂತಹ ಸೇವಾಸಂಸ್ಥೆಗಳು ಧನಸಂಗ್ರಹಕ್ಕಾಗಿ ಭೂತ ಬಂಗಲೆಗಳನ್ನು ನಡೆಸಿದವು. ೧೯೭೩ರಲ್ಲಿ ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್ ತನ್ನ ವಿಹಾರೋದ್ಯಾನವನ್ನೇ ಹ್ಯಾಲೋವೀನ್ ಸಂದರ್ಭಕ್ಕೆ ಮಾರ್ಪಡಿಸಿತು. ೧೯೯೧ರಲ್ಲಿ ಮ್ಯಾಸಚೂಸೆಟ್ಸ್‌ನ ಬರ್ಲಿನ್ ಎಂಬ ಊರಿನಲ್ಲಿ ಆರಂಭವಾದ 'ಸ್ಪೂಕಿ ವರ್ಲ್ಡ್' ಹುಲ್ಲುಬಂಡಿಯ ಭೀತಿಯಾತ್ರೆಗೆ ಹೆಸರಾಯಿತು.

ವಿಧಗಳು

ಭೀತಿಯ ಕಾಲುದಾರಿ: ಸಂದರ್ಶಕರು ಸಣ್ಣ ಗುಂಪುಗಳಾಗಿ ಕಾಡಿನ ಹಾದಿಯಲ್ಲಿ ನಡೆದು ಸಾಗುತ್ತಾರೆ. ದಾರಿಯುದ್ದಕ್ಕೂ ಗುಡಿಸಲು, ಸ್ಮಶಾನ ಮೊದಲಾದ ದೃಶ್ಯಗಳಿರುತ್ತವೆ.

ಹುಲ್ಲುಬಂಡಿ ಯಾತ್ರೆ: ಟ್ರ್ಯಾಕ್ಟರ್ ಎಳೆಯುವ, ಒಣಹುಲ್ಲು ಹಾಸಿದ ಬಂಡಿಯಲ್ಲಿ ಜನರು ಕುಳಿತಿರುತ್ತಾರೆ. ಬಂಡಿಯು ಒಂದೊಂದು ದೃಶ್ಯದ ಮುಂದೆ ನಿಲ್ಲುತ್ತದೆ. ನಟರು ಕತ್ತಲೆಯಿಂದ ಎರಗಿ ಬರುತ್ತಾರೆ. ವಾಷಿಂಗ್ಟನ್ ಇರ್ವಿಂಗನ 'ದಿ ಲೆಜೆಂಡ್ ಆಫ್ ಸ್ಲೀಪಿ ಹಾಲೋ' (೧೮೨೦) ಕಥೆಯ ತಲೆಯಿಲ್ಲದ ಕುದುರೆ ಸವಾರ ಇಂತಹ ಯಾತ್ರೆಗಳಲ್ಲಿ ಪರಿಚಿತ ಪಾತ್ರ.

ಜೋಳದ ಚಕ್ರವ್ಯೂಹ: ಆಳೆತ್ತರ ಬೆಳೆದ ಮೆಕ್ಕೆಜೋಳದ ಹೊಲದಲ್ಲಿ ಕವಲುದಾರಿಗಳನ್ನು ಕತ್ತರಿಸಿ ಇದನ್ನು ರಚಿಸುತ್ತಾರೆ. ಆಧುನಿಕ ರೀತಿಯ ಮೊದಲ ಜೋಳದ ಚಕ್ರವ್ಯೂಹವು ೧೯೯೩ರಲ್ಲಿ ಪೆನ್ಸಿಲ್ವೇನಿಯಾದ ಆನ್‌ವಿಲ್‌ನಲ್ಲಿ ನಿರ್ಮಾಣವಾಯಿತು. ಹಗಲಿನಲ್ಲಿ ಕುಟುಂಬಗಳು ಕುಂಬಳಕಾಯಿ ಆರಿಸಲು ಬರುವ ಹೊಲವೇ ರಾತ್ರಿ ಭೀತಿಯ ತಾಣವಾಗುವುದುಂಟು. ಇದರಿಂದ ರೈತರಿಗೆ ಬೆಳೆಯ ಜೊತೆಗೆ ಮತ್ತೊಂದು ಆದಾಯ ದೊರೆಯುತ್ತದೆ.

ಕಾರ್ಯವಿಧಾನ

ಗುಂಪುಗಳನ್ನು ಕೆಲವು ನಿಮಿಷಗಳ ಅಂತರದಲ್ಲಿ ಒಳಗೆ ಬಿಡಲಾಗುತ್ತದೆ. ಮುಂದಿನ ಗುಂಪು ಕಿರುಚುವುದನ್ನು ಹಿಂದಿನವರು ಕಂಡರೆ ಅನಿರೀಕ್ಷಿತತೆ ಉಳಿಯುವುದಿಲ್ಲ ಎಂಬುದು ಇದಕ್ಕೆ ಕಾರಣ. ಒಬ್ಬ ನಟನೋ ಗೊಂಬೆಯೋ ಗಮನವನ್ನು ಒಂದು ಕಡೆ ಹಿಡಿದಿಟ್ಟಾಗ ಇನ್ನೊಬ್ಬ ನಟನು ಮತ್ತೊಂದು ಬದಿಯಿಂದ ಹಾರಿ ಬರುವುದು ಸಾಮಾನ್ಯ ತಂತ್ರ. ಯಾಂತ್ರಿಕ ಗೊಂಬೆಗಳು ಒತ್ತಡದ ಗಾಳಿಯಿಂದ ಚಲಿಸುತ್ತವೆ. ಗ್ಲೈಕಾಲ್ ಅಥವಾ ಗ್ಲಿಸರಿನ್ ಬೆರೆಸಿದ ನೀರನ್ನು ಕಾಯಿಸಿ ಮಂಜನ್ನು ಉಂಟುಮಾಡುತ್ತಾರೆ. ಮರ ಕೊಯ್ಯುವ ಯಂತ್ರದ ಗರಗಸ ಸರಪಳಿಯನ್ನು ತೆಗೆದು, ಅದರ ಸದ್ದನ್ನು ಮಾತ್ರ ಬಳಸುತ್ತಾರೆ. ಬಯಲಿನಲ್ಲಿ ಗಾಳಿ ಬೀಸಿದರೆ ಮಂಜು ಚದುರುತ್ತದೆ. ಮಳೆ ಬಂದರೆ ಹಾದಿ ಕೆಸರಾಗುತ್ತದೆ. ಆದರೆ ನಿಜವಾದ ಕತ್ತಲೆ, ಚಳಿ ಮತ್ತು ಎಲೆಗಳ ಸದ್ದು ಖರ್ಚಿಲ್ಲದೆ ಒದಗುತ್ತವೆ.

ಬಹುತೇಕ ಕಡೆ ನಟರು ಸಂದರ್ಶಕರನ್ನು ಮುಟ್ಟುವಂತಿಲ್ಲ, ಸಂದರ್ಶಕರೂ ನಟರನ್ನು ಮುಟ್ಟುವಂತಿಲ್ಲ. ಟಾರ್ಚ್ ಬೆಳಗಿಸುವುದಕ್ಕೆ ನಿಷೇಧವಿರುತ್ತದೆ. ಮಿನುಗುವ ದೀಪಗಳಿರುವುದರಿಂದ ಮೂರ್ಛೆರೋಗವುಳ್ಳವರಿಗೂ, ಬಂಡಿಯ ಕುಲುಕಾಟ ಹಾಗೂ ಏರುಪೇರಾದ ನೆಲದ ಕಾರಣ ಗರ್ಭಿಣಿಯರು ಮತ್ತು ಹೃದ್ರೋಗಿಗಳಿಗೂ ಪ್ರವೇಶದ್ವಾರದಲ್ಲಿ ಎಚ್ಚರಿಕೆ ನೀಡಲಾಗುತ್ತದೆ.

ಅವಘಡಗಳು ಮತ್ತು ಸುರಕ್ಷತೆ

೧೯೮೪ರ ಮೇ ೧೧ರಂದು ನ್ಯೂ ಜೆರ್ಸಿಯ ಜ್ಯಾಕ್ಸನ್‌ನಲ್ಲಿರುವ ವಿಹಾರೋದ್ಯಾನವೊಂದರ 'ಹಾಂಟೆಡ್ ಕ್ಯಾಸಲ್' ಬೆಂಕಿಗೆ ಆಹುತಿಯಾಗಿ ಎಂಟು ಮಂದಿ ಹದಿಹರೆಯದವರು ಮೃತಪಟ್ಟರು. ಲಾರಿ ಟ್ರೇಲರುಗಳನ್ನು ಜೋಡಿಸಿ ಕಟ್ಟಿದ ಆ ರಚನೆಯಲ್ಲಿ ನೀರು ಸಿಂಪಡಿಸುವ ಸ್ವಯಂಚಾಲಿತ ವ್ಯವಸ್ಥೆ ಇರಲಿಲ್ಲ. ಬಳಿಕ ಭೂತ ಬಂಗಲೆಗಳಿಗೆ ಅಗ್ನಿಶಾಮಕ ನಿಯಮಗಳನ್ನು ಬಿಗಿಗೊಳಿಸಲಾಯಿತು. ಅಪಾಯದ ಸೂಚನೆ ಬಂದೊಡನೆ ದೀಪಗಳು ಹೊತ್ತಿ, ಗೊಂದಲದ ಸದ್ದು ನಿಲ್ಲುವ ವ್ಯವಸ್ಥೆಯೂ ಅಗತ್ಯವೆನಿಸಿತು.

ಬಯಲು ಪ್ರದರ್ಶನಗಳಲ್ಲಿ ವಾಹನವೇ ಮುಖ್ಯ ಅಪಾಯ. ೨೦೧೪ರ ಅಕ್ಟೋಬರ್‌ನಲ್ಲಿ ಮೇನ್ ರಾಜ್ಯದ ಮೆಕ್ಯಾನಿಕ್ ಫಾಲ್ಸ್‌ನಲ್ಲಿ ಇಳಿಜಾರಿನಲ್ಲಿ ಹತೋಟಿ ತಪ್ಪಿದ ಹುಲ್ಲುಬಂಡಿ ಉರುಳಿ ಹದಿನೇಳು ವರ್ಷದ ಬಾಲಕಿ ಮೃತಪಟ್ಟಳು, ಇಪ್ಪತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಕತ್ತಲೆಯಲ್ಲಿ ನಿಜವಾದ ಕೂಗೂ ನಾಟಕದ ಕೂಗೂ ಒಂದೇ ರೀತಿ ಕೇಳಿಸುವುದರಿಂದ ಹಾದಿಯಲ್ಲಿ ಕಾವಲು ಸಿಬ್ಬಂದಿ ಇರುವುದು ಮುಖ್ಯ.

ಟೀಕೆ

ಮಾನಸಿಕ ಅಸ್ವಸ್ಥರನ್ನು ಭಯಾನಕರೆಂದು ಚಿತ್ರಿಸುವ ದೃಶ್ಯಗಳು ಆಕ್ಷೇಪಕ್ಕೆ ಗುರಿಯಾಗಿವೆ. ೨೦೧೬ರಲ್ಲಿ ನಾಟ್ಸ್ ಬೆರಿ ಫಾರ್ಮ್ ಇಂತಹ ಒಂದು ಪ್ರದರ್ಶನವನ್ನು ಮಾನಸಿಕ ಆರೋಗ್ಯ ಕಾರ್ಯಕರ್ತರ ವಿರೋಧದ ನಂತರ ಮುಚ್ಚಿತು.

ಅಧ್ಯಯನ

ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಭೂತ ಬಂಗಲೆಯಲ್ಲಿ ೧೧೦ ಸಂದರ್ಶಕರ ಹೃದಯ ಬಡಿತವನ್ನು ಅಳೆದು ೨೦೨೦ರಲ್ಲಿ ಫಲಿತಾಂಶ ಪ್ರಕಟಿಸಿದರು. ಭಯ ತೀರ ಕಡಿಮೆಯಾದರೂ ತೀರ ಹೆಚ್ಚಾದರೂ ಸಂತೋಷ ತಗ್ಗುತ್ತದೆ, ಮಧ್ಯಮ ಪ್ರಮಾಣದ ಭಯದಲ್ಲಿ ಅದು ಅತ್ಯಧಿಕವಾಗಿರುತ್ತದೆ ಎಂದು ಅವರು ಕಂಡುಕೊಂಡರು.