ಮೆರುಗಿಗೆ ಎಷ್ಟು ಬೆಲೆ? ಜಪಾನಿನ ರೋಬೋ, ಚನ್ನಪಟ್ಟಣದ ಬೊಂಬೆ

ಮಾದಪ್ಪನ ಬೆಟ್ಟದ ಜಾತ್ರೆಯಲ್ಲಿ ಮಾರುವ ಪ್ಲಾಸ್ಟಿಕ್ ರೋಬೋ ನಮಗೆಲ್ಲ ಗೊತ್ತು. ಬ್ಯಾಟರಿ ಹಾಕಿದರೆ ಕಣ್ಣು ಮಿನುಗುತ್ತದೆ, ಊರಿಗೆ ಬಂದು ವಾರವಾಗುವಷ್ಟರಲ್ಲಿ ಒಂದು ಕೈ ಕಳಚಿರುತ್ತದೆ. ಜಪಾನಿನಲ್ಲಿ ಇನ್ನೊಂದು ಬಗೆಯ ರೋಬೋ ಇದೆ. ಅದು ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುತ್ತದೆ. ಕೊಂಡವರೇ ಕತ್ತರಿಸಿ, ಕೂತು ಜೋಡಿಸಬೇಕು. ಅದರ ಹೆಸರು ಗಂಡಮ್.

ಈ ಗಂಡಮ್ ರೋಬೋಗೆ ಆಗಾಗ ಹೊಳಪಿನ ವಿಶೇಷ ಆವೃತ್ತಿ ಬರುತ್ತದೆ. ಅಳತೆ ಅದೇ, ಭಾಗಗಳೂ ಹೆಚ್ಚುಕಡಿಮೆ ಅವೇ. ಮೇಲೆ ಕನ್ನಡಿಯಂಥ ಮೆರುಗು ಇರುತ್ತದೆ, ಸಿಗುವುದು ಕೆಲವೇ ಕಡೆ. ಅಷ್ಟಕ್ಕೇ ಮಾಮೂಲಿ ಪೆಟ್ಟಿಗೆಗಿಂತ ಹೆಚ್ಚು ದುಡ್ಡು ಕೊಟ್ಟು ಒಯ್ಯುತ್ತಾರೆ. ಇತ್ತ ನಮ್ಮ ಪಕ್ಕದ ಚನ್ನಪಟ್ಟಣದಲ್ಲಿ ಪ್ರತಿ ಬೊಂಬೆಗೂ ಕೈಯಲ್ಲೇ ಮೆರುಗು ಕೊಡುತ್ತಾರೆ. ಅಲ್ಲಿ ನಾವು ಹತ್ತು ರೂಪಾಯಿಗೂ ಚೌಕಾಸಿ ಮಾಡುತ್ತೇವೆ. ಹೀಗೇಕೆ ಆಯಿತು ಎಂದು ತಿಳಿಯಲು ಎರಡೂ ಊರುಗಳ ಚರಿತ್ರೆ ನೋಡಬೇಕು.

ಮರದ ಊರು ಪ್ಲಾಸ್ಟಿಕ್ ಊರಾದ ಕಥೆ

ಜಪಾನಿನ ಶಿಜುಓಕಾ ಪಟ್ಟಣವನ್ನು ಇವತ್ತು ಪ್ಲಾಸ್ಟಿಕ್ ಮಾದರಿಗಳ ರಾಜಧಾನಿ ಎನ್ನುತ್ತಾರೆ. ಆದರೆ ಅದು ಮೊದಲು ಮರಗೆಲಸದ ಊರು. 17ನೇ ಶತಮಾನದಲ್ಲಿ ಅಲ್ಲಿ ದೊಡ್ಡ ದೇಗುಲಗಳನ್ನು ಕಟ್ಟಲು ಬಡಗಿಗಳನ್ನೂ ಮೆರುಗೆಣ್ಣೆ ಬಳಿಯುವವರನ್ನೂ ಕರೆಸಿದರು. ಕೆಲಸ ಮುಗಿದ ಮೇಲೆ ಅನೇಕರು ಅಲ್ಲೇ ನೆಲೆನಿಂತರು. ಮೆರುಗಿನ ಪೆಟ್ಟಿಗೆ, ಪೀಠೋಪಕರಣ ಮಾಡಿದರು. ಮುಂದೆ ಅದೇ ಊರಿನಲ್ಲಿ ಮರದ ವಿಮಾನ, ಹಡಗಿನ ಮಾದರಿಗಳು ತಯಾರಾದವು.

ಇವತ್ತು ಜಗತ್ತಿಗೆಲ್ಲ ಗೊತ್ತಿರುವ ತಮಿಯಾ ಕಂಪನಿ 1946ರಲ್ಲಿ ಶುರುವಾದದ್ದು ಮರದ ವ್ಯಾಪಾರದಿಂದ. 1950ರ ದಶಕದ ಕೊನೆಗೆ ಅಮೆರಿಕದ ಪ್ಲಾಸ್ಟಿಕ್ ಮಾದರಿಗಳು ಬಂದವು. ಅವುಗಳ ಮುಂದೆ ಮರದ ಮಾದರಿ ಮಂಕಾಯಿತು. 1960ರಲ್ಲಿ ತಮಿಯಾ ತನ್ನ ಮೊದಲ ಪ್ಲಾಸ್ಟಿಕ್ ಮಾದರಿ ತಂದಿತು, ಅದು ಯಮಾಟೊ ಎಂಬ ಯುದ್ಧನೌಕೆ. ಊರಿನ ಉಳಿದವರೂ ಅದೇ ದಾರಿ ಹಿಡಿದರು.

ಗಂಡಮ್ ಬಂದದ್ದು ಆಮೇಲೆ. 1979ರಲ್ಲಿ ಟಿವಿಯಲ್ಲಿ ಧಾರಾವಾಹಿಯಾಗಿ ಶುರುವಾಯಿತು. 1980ರ ಜುಲೈನಲ್ಲಿ ಬಂದೈ ಕಂಪನಿ ಅದರ ಮೊದಲ ಜೋಡಣೆ ಪೆಟ್ಟಿಗೆಯನ್ನು 300 ಯೆನ್‌ಗೆ ಮಾರಿತು. ಕಥೆಯಲ್ಲಿ ಆ ರೋಬೋ 18 ಮೀಟರ್ ಎತ್ತರ. ಪೆಟ್ಟಿಗೆಯಲ್ಲಿದ್ದದ್ದು ಅದರ 144ನೇ ಒಂದು ಪಾಲು, ಅಂದರೆ ಒಂದು ಗೇಣಿಗಿಂತ ಚಿಕ್ಕದು. ಅಂಗಡಿಗೆ ಬಂದದ್ದು ಬಂದಂತೆ ಖಾಲಿಯಾಗುತ್ತಿತ್ತು. 1982ರ ಜನವರಿಯಲ್ಲಿ ಟೋಕಿಯೋ ಪಕ್ಕದ ಚಿಬಾದ ಅಂಗಡಿಯೊಂದರಲ್ಲಿ ಈ ಪೆಟ್ಟಿಗೆಗಾಗಿ ಮಕ್ಕಳು ಎಸ್ಕಲೇಟರ್ ಮೇಲೆ ನುಗ್ಗಿ, ಒಬ್ಬರ ಮೇಲೊಬ್ಬರು ಬಿದ್ದು ಗಾಯಗೊಂಡರು. ಈವರೆಗೆ ಮಾರಾಟವಾದ ಪೆಟ್ಟಿಗೆಗಳು 50 ಕೋಟಿಗೂ ಹೆಚ್ಚು.

ಅಚ್ಚಿನ ಲೆಕ್ಕ

ಪ್ಲಾಸ್ಟಿಕ್ ಮಾದರಿಯಲ್ಲಿ ಖರ್ಚೆಲ್ಲ ಉಕ್ಕಿನ ಅಚ್ಚಿಗೆ. ಅದನ್ನು ಕೊರೆಯಲು ನುರಿತ ಕೈ ಬೇಕು, ದುಡ್ಡೂ ಬೇಕು. ಅಚ್ಚು ಒಮ್ಮೆ ಸಿದ್ಧವಾದರೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಒಳಗೆ ನುಗ್ಗಿಸಿ, ಆರಿಸಿ, ತೆಗೆಯುತ್ತಾ ಹೋಗಬಹುದು. ಇಡ್ಲಿ ತಟ್ಟೆಯ ಹಾಗೆ. ಸಾವಿರದ ಒಂದನೇ ತುಂಡಿಗೆ ಹೊಸ ಶ್ರಮ ಹೆಚ್ಚೇನಿಲ್ಲ.

ಹೊಳಪಿನ ಆವೃತ್ತಿಗೂ ಸಾಮಾನ್ಯವಾಗಿ ಹಳೆಯ ಅಚ್ಚೇ ಸಾಕು. ಅಚ್ಚಿನ ಒಳಮೈಯನ್ನು ನಯವಾಗಿ ಉಜ್ಜಿದರೆ ಪ್ಲಾಸ್ಟಿಕ್ಕೂ ನಯವಾಗಿ ಹೊಳೆಯುತ್ತದೆ. ಇಲ್ಲವೇ ಮೇಲೆ ಲೋಹದ ತೆಳು ಲೇಪ ಕೊಡುತ್ತಾರೆ. ಎಷ್ಟು ಬೇಕಾದರೂ ಮಾಡಬಹುದಾದ ವಸ್ತುವನ್ನು ಇಷ್ಟೇ ಎಂದು ಕಂಪನಿ ತಾನೇ ಮಿತಿ ಹಾಕಿಕೊಳ್ಳುತ್ತದೆ. ಅಪರೂಪ ಎನ್ನುವುದನ್ನೂ ಅಲ್ಲಿ ಯೋಚಿಸಿ ತಯಾರಿಸುತ್ತಾರೆ.

ಎಲೆಯಿಂದ ಬರುವ ಹೊಳಪು

ಈಗ ನಮ್ಮ ಕಡೆಗೆ ಬರೋಣ. ಕೊಳ್ಳೇಗಾಲದಿಂದ ಮಳವಳ್ಳಿ, ಮದ್ದೂರು ದಾಟಿದರೆ ಚನ್ನಪಟ್ಟಣ. ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಈ ವಿದ್ಯೆ ಕಲಿಸಿದ ಎಂದು ಅಲ್ಲಿ ಹೇಳುತ್ತಾರೆ. 20ನೇ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಎಂಬ ಕುಶಲಕರ್ಮಿ ಜಪಾನಿನ ವಿಧಾನಗಳನ್ನು ಇಲ್ಲಿಗೆ ಹೊಂದಿಸಿಕೊಂಡರು. ಅವರನ್ನು ಚನ್ನಪಟ್ಟಣದ ಬೊಂಬೆಗಳ ಪಿತಾಮಹ ಎಂದು ನೆನೆಯುತ್ತಾರೆ. ಹೀಗೆ ನಮ್ಮ ಬೊಂಬೆಗೂ ಜಪಾನಿಗೂ ಗಂಡಮ್ ಹುಟ್ಟುವ ಎಷ್ಟೋ ಮೊದಲೇ ನಂಟಿತ್ತು.

ಬೊಂಬೆಗೆ ಬೇಕಾದದ್ದು ಹಾಲೆ ಮರ. ಬಿಳುಪು ಬಣ್ಣ, ನವಿರಾದ ಎಳೆ. ಕಡಿದ ಮರವನ್ನು ಚೆನ್ನಾಗಿ ಒಣಗಿಸಿ, ತುಂಡು ಮಾಡಿ, ಲೇತ್‌ಗೆ ಸಿಕ್ಕಿಸಿ, ಉಳಿ ಹಿಡಿದು ಕಡೆಯುತ್ತಾರೆ. ತುಂಡು ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಕೊನೆಗೆ ಕೇದಗೆ ಜಾತಿಯ ಗಿಡದ ಒಣ ಎಲೆಯನ್ನು ಒತ್ತಿ ಹಿಡಿದರೆ ಅರಗು ಸಮನಾಗಿ ಹರಡಿ ಥಳಥಳ ಹೊಳೆಯುತ್ತದೆ. ಜಪಾನಿನ ಮೆರುಗೆಣ್ಣೆ ಮರದ ರಸದ್ದು. ನಮ್ಮ ಅರಗು ಮರದ ಮೇಲೆ ಕೂರುವ ಪುಟ್ಟ ಹುಳುವಿನದು.

ಇಲ್ಲಿ ಅಚ್ಚಿಲ್ಲ. ನೂರನೇ ಬೊಂಬೆಗೂ ಮೊದಲನೆಯದಕ್ಕೆ ಬಿದ್ದಷ್ಟೇ ಕೈಕೆಲಸ. ಒಬ್ಬ ಕುಶಲಕರ್ಮಿ ದಿನಕ್ಕೆ ಮಾಡಬಹುದಾದದ್ದು ಇಷ್ಟೇ ಎಂದು ಅವನ ರಟ್ಟೆಯೇ ಮಿತಿ ಹಾಕುತ್ತದೆ. ನೋಡಲು ಹೋದರೆ ಪ್ರತಿ ಬೊಂಬೆಯೂ ವಿಶೇಷ ಆವೃತ್ತಿಯೇ. ಆದರೆ ಅದರ ಮೇಲೆ ಮಾಡಿದವನ ಹೆಸರಿಲ್ಲ, ಸಂಖ್ಯೆ ಇಲ್ಲ, ಕಥೆ ಹೇಳುವ ಪೆಟ್ಟಿಗೆಯೂ ಇಲ್ಲ.

ಕೊಳ್ಳೇಗಾಲಕ್ಕೆ ಗೊತ್ತಿರುವ ಪಾಠ

ಇಂಥ ಪೈಪೋಟಿ ನಮಗೆ ಹೊಸದೇನಲ್ಲ. 1956ರವರೆಗೆ ಕೊಳ್ಳೇಗಾಲ ಮದ್ರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮದ್ರಾಸ್ ಪ್ರಾಂತ್ಯದ ರೇಷ್ಮೆಗೆ ಆಗ ಕೊಳ್ಳೇಗಾಲವೇ ಮುಖ್ಯ ಸೀಮೆ. 1930ರ ದಶಕದಲ್ಲಿ ಹೊರಗಿನಿಂದ ಬಂದ ಅಗ್ಗದ ರೇಷ್ಮೆಯೂ ಕೃತಕ ರೇಷ್ಮೆಯೂ ಗೂಡಿನ ಬೆಲೆಯನ್ನು ಕೆಡವಿದವು. ಕೃತಕ ರೇಷ್ಮೆ ಅಸಲಿಗಿಂತ ಜಾಸ್ತಿ ಮಿರುಗುತ್ತಿತ್ತು. ಕಣ್ಣಿಗೆ ಹೊಳೆದದ್ದನ್ನೇ ಜನ ಕೊಂಡರು. ಅಸಲಿಗೆ ಗುರುತು ಬೇಕು ಎಂಬುದು ನಿಧಾನವಾಗಿ ಅರ್ಥವಾಯಿತು. 2004ರಲ್ಲಿ ಸಿಲ್ಕ್ ಮಾರ್ಕ್ ಬಂತು.

ಚನ್ನಪಟ್ಟಣದ ಬೊಂಬೆಗೂ 2005-06ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಸಿಕ್ಕಿತು. ಅಷ್ಟರಲ್ಲಿ ಚೀನಾದ ಅಗ್ಗದ ಪ್ಲಾಸ್ಟಿಕ್ ಆಟಿಕೆ ಸಂತೆ ಸಂತೆಗೂ ಹರಡಿತ್ತು. ಎಷ್ಟೋ ಮನೆಗಳಲ್ಲಿ ಲೇತ್ ನಿಂತುಹೋಯಿತು. 2020ರಲ್ಲಿ ಕೇಂದ್ರ ಸರ್ಕಾರ ಆಮದು ಆಟಿಕೆಗಳ ಸುಂಕವನ್ನು ಶೇ. 20ರಿಂದ 60ಕ್ಕೆ ಏರಿಸಿತು, 2023ರಲ್ಲಿ ಅದು ಶೇ. 70 ಆಯಿತು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಜಿಐ ಇರುವ ಕರಕುಶಲ ಆಟಿಕೆಗಳಿಗೆ ಇದರಿಂದ ವಿನಾಯಿತಿ ಸಿಕ್ಕಿತು.

ಇದರಿಂದ ಉಸಿರಾಡಲು ಜಾಗ ಸಿಕ್ಕಿತು ಎನ್ನುವಾಗಲೇ ಇನ್ನೊಂದು ಪೆಟ್ಟು ಬಿತ್ತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಚನ್ನಪಟ್ಟಣವನ್ನು ಬಳಸಿ ಹೋಗುತ್ತದೆ. ಹಳೆ ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿ ಬೊಂಬೆ ಕೊಳ್ಳುತ್ತಿದ್ದವರು ಈಗ ಮೇಲಿಂದ ಮೇಲೆ ಹೊರಟುಹೋಗುತ್ತಾರೆ.

ಶಿಜುಓಕಾ ಮರವನ್ನು ಬಿಟ್ಟು ಉಳಿಯಿತು. ಚನ್ನಪಟ್ಟಣ ಮರವನ್ನು ಹಿಡಿದೇ ಉಳಿಯಬೇಕು. ಅಚ್ಚಿನ ಜೊತೆ ಅಗ್ಗದ ಪೈಪೋಟಿಗೆ ಇಳಿದರೆ ಕೈ ಸೋಲುತ್ತದೆ. ಶಿಜುಓಕಾದಿಂದ ಕಲಿಯಬೇಕಾದದ್ದು ಮಾರುವ ರೀತಿಯನ್ನು. ಯಾವ ಊರಿನದು, ಯಾವ ಮರ, ಯಾರು ಕಡೆದರು, ಎಷ್ಟು ಮಾಡಿದರು ಎಂದು ಪೆಟ್ಟಿಗೆಯ ಮೇಲೆ ಬರೆದರೆ ಕೊಳ್ಳುವವನಿಗೆ ಬೆಲೆಯ ಕಾರಣ ತಿಳಿಯುತ್ತದೆ.

ಮುಂದಿನ ಸಲ ಜಾತ್ರೆಯಲ್ಲೋ ಅಂಗಡಿಯಲ್ಲೋ ಮಗುವಿಗೆ ಆಟಿಕೆ ಕೊಳ್ಳುವಾಗ ಎರಡು ಕೆಲಸ ಮಾಡಿ. ಪ್ಲಾಸ್ಟಿಕ್ ಆದರೆ ಐಎಸ್‌ಐ ಗುರುತು ನೋಡಿ. ಚನ್ನಪಟ್ಟಣದ್ದು ಎಂದು ಹೇಳಿದರೆ ಹಾಲೆ ಮರವೇ, ಅರಗಿನ ಬಣ್ಣವೇ, ಎಲ್ಲಿ ಕಡೆದದ್ದು ಎಂದು ಕೇಳಿ. ಸೀರೆ ಅಂಗಡಿಯಲ್ಲಿ ಜರಿ ಅಸಲಿಯೇ ಎಂದು ಹತ್ತು ಸಲ ಕೇಳುವ ಊರು ನಮ್ಮದು. ಬೊಂಬೆಗೂ ಹಾಗೆ ಕೇಳಲು ಶುರು ಮಾಡಿದರೆ ಮಾರುವವರು ಉತ್ತರ ಇಟ್ಟುಕೊಂಡೇ ಬರುತ್ತಾರೆ.