ಬಸ್ಕಿ: ಯಾವ ಸ್ನಾಯುವಿಗೆ ಎಷ್ಟು ದುಡಿಮೆ?

ಕಳೆದ ಚಳಿಗಾಲ ಬರ್ಮಿಂಗ್‌ಹ್ಯಾಮಿನ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಮುಗಿದಾಗ, ಚಾಪೆಯಿಂದ ಏಳಲು ನನಗೆ ಸೋಫಾದ ಆಸರೆ ಬೇಕಾಯಿತು. ಮೈಸೂರಿನ ಗರಡಿಮನೆಯಲ್ಲಿ ಸಾಮು ಮಾಡಿ ಬೆಳೆದ ನನ್ನ ತಂದೆಯವರು 78ರ ವಯಸ್ಸಿನಲ್ಲೂ ಕೈಯೂರದೆ ಎದ್ದು ನಿಂತಿದ್ದರು. ಕುರ್ಚಿ, ಕಾರು, ಕಮೋಡುಗಳ ನಡುವೆ ಇಪ್ಪತ್ತು ವರ್ಷ ಕಳೆದ ನಾನು ಕುಕ್ಕರುಗಾಲಿನಲ್ಲಿ ಕೂರುವುದನ್ನೇ ಮರೆತಿದ್ದೆ. ಶಾಲೆಯಲ್ಲಿ ಶಿಕ್ಷೆಯೆಂದು ಹೊಡೆದ ಬಸ್ಕಿಯನ್ನು ಮತ್ತೆ ಕಲಿಯಲು ಹೊರಟಾಗ, ಅದರ ಯಾವ ಬಗೆ ಯಾವ ಸ್ನಾಯುವನ್ನು ದುಡಿಸುತ್ತದೆಂದು ತಿಳಿಯುವ ಆಸೆಯಾಯಿತು.

ಸ್ನಾಯು ಸಂಕುಚಿಸುವಾಗ ಹುಟ್ಟುವ ವಿದ್ಯುತ್ ಸಂಕೇತವನ್ನು ಚರ್ಮದ ಮೇಲೆ ಅಂಟಿಸಿದ ಎಲೆಕ್ಟ್ರೋಡುಗಳಿಂದ ಅಳೆಯಬಹುದು, ಇದೇ ಎಲೆಕ್ಟ್ರೋಮಯೋಗ್ರಫಿ. 2002ರಲ್ಲಿ ಪ್ರಕಟವಾದ ಕ್ಯಾಟೆರಿಸಾನೊ ಮತ್ತು ಸಂಗಡಿಗರ ಅಧ್ಯಯನದಲ್ಲಿ ಅನುಭವಿಗಳಾದ ಹತ್ತು ಮಂದಿ ಭಾರ ಹೊತ್ತು ಮೂರು ಆಳಗಳಲ್ಲಿ ಬಸ್ಕಿ ಮಾಡಿದರು. ಮೇಲೇಳುವಾಗ ಅಳೆದ ನಾಲ್ಕು ಸ್ನಾಯುಗಳ ಒಟ್ಟು ದುಡಿಮೆಯಲ್ಲಿ ಪೃಷ್ಠಸ್ನಾಯುವಿನ ಪಾಲು ಅರೆಬಸ್ಕಿಯಲ್ಲಿ ಶೇ. 16.9, ತೊಡೆ ನೆಲಕ್ಕೆ ಸಮಾನಾಂತರವಾದಾಗ ಶೇ. 28, ಪೂರ್ಣ ಬಸ್ಕಿಯಲ್ಲಿ ಶೇ. 35.4. ಉಳಿದ ಸ್ನಾಯುಗಳ ಪಾಲಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನೆಲದಿಂದ ಏಳಲು ಬೇಕಾದ ಸ್ನಾಯು ಇದೇ. ಭಾರವನ್ನು ಬೆನ್ನ ಮೇಲೆ ಹೊತ್ತರೂ ಎದೆಯ ಮುಂದೆ ಹಿಡಿದರೂ ಸ್ನಾಯುಗಳ ಒಟ್ಟಾರೆ ದುಡಿಮೆ ಹೆಚ್ಚುಕಡಿಮೆ ಒಂದೇ ಎಂದು 2009ರ ಇನ್ನೊಂದು ಅಧ್ಯಯನ ಕಂಡುಕೊಂಡಿತು. ಆದರೆ ಬೆನ್ನ ಮೇಲಿನ ಭಾರ ಮಂಡಿಯನ್ನು ಹೆಚ್ಚು ಒತ್ತುತ್ತದೆ.

ಗರಡಿಯ ಬೈಠಕ್ ಬೇರೆಯೇ ಬಗೆ. ಅಲ್ಲಿ ಹಿಮ್ಮಡಿ ಮೇಲೇಳುತ್ತದೆ, ಮಂಡಿ ಬೆರಳುಗಳನ್ನು ದಾಟಿ ಮುಂದೆ ಬರುತ್ತದೆ. ಮಂಡಿ ಮುಂದೆ ಬಂದಷ್ಟೂ ಹೊರೆ ತೊಡೆಯ ಮುಂಭಾಗಕ್ಕೆ. ಮುಂಡ ಬಾಗಿ ಸೊಂಟ ಹಿಂದೆ ಸರಿದಷ್ಟೂ ಪೃಷ್ಠಕ್ಕೆ. ತೊಡೆಯ ಹಿಂಭಾಗದ ಸ್ನಾಯುಗಳಿಗೆ ಮಾತ್ರ ಯಾವ ಬಸ್ಕಿಯೂ ಹೆಚ್ಚು ಕೆಲಸ ಕೊಡದು. ಅವು ಸೊಂಟ, ಮಂಡಿ ಎರಡನ್ನೂ ದಾಟಿರುವುದರಿಂದ, ಏಳುವಾಗ ಒಂದು ತುದಿಯಲ್ಲಿ ಕುಗ್ಗಿ ಇನ್ನೊಂದರಲ್ಲಿ ಹಿಗ್ಗುತ್ತವೆ.

ಸಂಕೇತ ಹೆಚ್ಚಾದರೆ ಸ್ನಾಯು ಬೆಳೆದೇ ಬೆಳೆಯುತ್ತದೆ ಎನ್ನಲಾಗದು. ವ್ಯಾಯಾಮದ ಜಾಹೀರಾತುಗಳು ಈ ಮಾತನ್ನು ಜಾಣತನದಿಂದ ನುಂಗುತ್ತವೆ. ಬೆಳವಣಿಗೆಯನ್ನೇ ಅಳೆದ ಕುಬೊ ಅವರ 2019ರ ಜಪಾನಿ ಅಧ್ಯಯನ ಹಾಗಾಗಿ ನನಗೆ ಹೆಚ್ಚು ನಂಬಿಕೆಯದ್ದೆನಿಸಿತು. ಹತ್ತು ವಾರಗಳ ನಂತರ ಪೃಷ್ಠಸ್ನಾಯು ಪೂರ್ಣ ಬಸ್ಕಿಯವರಲ್ಲಿ ಶೇ. 6.7, ಅರೆಬಸ್ಕಿಯವರಲ್ಲಿ ಶೇ. 2.2ರಷ್ಟು ಬೆಳೆದಿತ್ತು. ತೊಡೆಯ ಮುಂಭಾಗದ ಬೆಳವಣಿಗೆ ಇಬ್ಬರಲ್ಲೂ ಸುಮಾರಾಗಿ ಒಂದೇ, ಹಿಂಭಾಗದ್ದು ಬೆಳೆಯಲೇ ಇಲ್ಲ.

ಸ್ನಾಯುಬಲದ ವ್ಯಾಯಾಮ ವಾರಕ್ಕೆ ಕನಿಷ್ಠ ಎರಡು ದಿನ ಬೇಕೆಂಬುದು ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳ 2019ರ ಸಲಹೆ. ಮಂಡಿನೋವಿರುವವರು ಮೊದಲು ಫಿಸಿಯೋಥೆರಪಿಸ್ಟರನ್ನು ಕಾಣುವುದು ಲೇಸು. ನಾನು ಊಟದ ಮೇಜಿನ ಕುರ್ಚಿಯಿಂದ ಕೈಯೂರದೆ ಏಳುವುದರಿಂದ ಆರಂಭಿಸಿದೆ. ಈಗ ಅಡುಗೆಮನೆಯ ಕಟ್ಟೆ ಹಿಡಿದು ಪೂರ್ಣ ಇಳಿಯುತ್ತೇನೆ. ಹಿಮ್ಮಡಿ ಇನ್ನೂ ನೆಲ ಮುಟ್ಟದು. ಅದರಡಿಗೆ ತೆಳು ಹಲಗೆಯೊಂದನ್ನು ಇಟ್ಟುಕೊಂಡಿದ್ದೇನೆ.