ಬಿಟ್ಟ ಜೀವಿಯ ಚರಿತ್ರೆ: ಬೆಂಗಳೂರಿನ ಒಂದು ಪೂರ್ವನಿದರ್ಶನ

ಕೆಟ್ಟ ನೆಲಜಲಗಳನ್ನು ಸ್ವಸ್ಥಿತಿಗೆ ತರುವುದಕ್ಕಾಗಿ ಜೀವಿಗಳ ವಂಶವಾಹಿಗಳನ್ನೇ ಮಾರ್ಪಡಿಸಿ ಬಯಲಿಗೆ ಬಿಡಬಹುದೇ ಎಂಬುದು ಇಂದು ವಿಜ್ಞಾನಿಗಳ ಚರ್ಚೆಗೆ ವಿಷಯವಾಗಿದೆ. ವಿದ್ಯೆಯು ಹೊಸದು, ಆದರೆ ಬಿಟ್ಟ ಜೀವಿಯನ್ನು ಹಿಂದಕ್ಕೆ ಕರೆಯಬಹುದೇ ಎಂಬ ಪ್ರಶ್ನೆಯು ಬೆಂಗಳೂರಿಗೆ ಹೊಸದಲ್ಲ. ಅದರ ಪೂರ್ವಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ಅಮೆರಿಕ ಮೂಲದ ಪಾರ್ಥೇನಿಯಂ ಕಳೆಯು ಭಾರತದಲ್ಲಿ ವಿದ್ವಾಂಸರ ಗಮನಕ್ಕೆ ಬಂದುದು 1955ರ ಸುಮಾರಿಗೆ, ಪುಣೆಯಲ್ಲಿ. ಮುಂದೆ ಅದು ಬೆಂಗಳೂರನ್ನೂ ಆವರಿಸಿತು. ಜನರು ಇದನ್ನು ಕಾಂಗ್ರೆಸ್ ಗಿಡವೆಂದು ಕರೆದರು. ಪೀಣ್ಯ, ವೈಟ್‌ಫೀಲ್ಡ್‌ಗಳ ಕಡೆಗೆ ನಗರವು ಬೆಳೆದಂತೆ, ಉಳುಮೆ ನಿಂತು ಕಟ್ಟಡವೂ ಏಳದ ನೆಲವು ಈ ಕಳೆಗೆ ಆಶ್ರಯವಾಯಿತು. ಇದರಿಂದ ಚರ್ಮರೋಗ, ಉಬ್ಬಸಗಳೂ ಉಂಟಾದುವು.

ಹೆಸರುಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1983ರಲ್ಲಿ ಈ ಕಳೆಯ ಎಲೆಯನ್ನು ತಿನ್ನುವ ಒಂದು ದುಂಬಿಯನ್ನು ಮೆಕ್ಸಿಕೋದಿಂದ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕೆಲವು ವರ್ಷಗಳಲ್ಲಿ ಅದು ನೆಲೆಯೂರಿ, ಮಳೆಗಾಲದಲ್ಲಿ ಕಳೆಯನ್ನು ಬೋಳುಮಾಡತೊಡಗಿತು. ಆದರೆ 1990ರ ದಶಕದ ಆರಂಭದಲ್ಲಿ ಸೂರ್ಯಕಾಂತಿಯ ಎಲೆಗಳ ಮೇಲೂ ದುಂಬಿಯು ಕಂಡುಬಂದು ವಿವಾದವೆದ್ದಿತು. ಕಳೆಯ ಪರಾಗವು ಬಿದ್ದ ಎಲೆಗಳನ್ನು ಅದು ತಿನ್ನುವುದೆಂದು ಸಂಶೋಧಕರು ವಿವರಿಸಿದರು. ಸರ್ಕಾರವು ಹೊಸದಾಗಿ ದುಂಬಿಯನ್ನು ಬಿಡುವುದಕ್ಕೆ ತಡೆಯೊಡ್ಡಿ ವಿಚಾರಣೆ ನಡೆಯಿಸಿತು. ಕೆಲವು ವರ್ಷಗಳ ತರುವಾಯ ಆ ತಡೆಯು ತೆರವಾಯಿತು.

ಇಲ್ಲಿ ಗಮನಾರ್ಹವಾದ ಅಂಶವೊಂದುಂಟು. ತಡೆಯು ಅನ್ವಯಿಸಿದುದು ಬಿಡುವವರಿಗೆ ಮಾತ್ರ, ದುಂಬಿಗಲ್ಲ. ಅದಾಗಲೇ ತನ್ನ ರೆಕ್ಕೆಗಳಿಂದಲೇ ದೂರದ ಹೊಲಗಳಿಗೆ ಹರಡಿತ್ತು. ರೈತನ ಭಯವು ವಿಪರೀತವಾಗಿದ್ದಿರಬಹುದು. ಆದರೆ ಅದು ನಿಜವಾಗಿದ್ದರೂ ಪರಿಹಾರವಿರಲಿಲ್ಲ.

ವಂಶವಾಹಿ ವಿದ್ಯೆಯಲ್ಲಿ ಈ ಅಂಶವು ಮತ್ತಷ್ಟು ಗಹನವಾಗುತ್ತದೆ. ಮಾರ್ಪಡಿಸಿದ ಗುಣವೊಂದು ಸಂತತಿಯ ಬಹುಪಾಲಿಗೆ ಸಾಗುವಂತೆ ಮಾಡುವ ತಂತ್ರವಿದೆ. ದ್ವೀಪಗಳಲ್ಲಿ ಪಕ್ಷಿಗಳನ್ನು ನಾಶಮಾಡುವ ಇಲಿಗಳ ನಿವಾರಣೆಗೆ ಇದನ್ನು ವಿದೇಶಗಳಲ್ಲಿ ಸೂಚಿಸಲಾಗಿದೆ. ಇಂಥ ತಂತ್ರವನ್ನು ಸೊಳ್ಳೆಗಳ ಮೇಲೆ ಅಭ್ಯಸಿಸುವ ಉದ್ದೇಶವನ್ನೂ ಒಳಗೊಂಡು, ಟಾಟಾ ಸಂಸ್ಥೆಯೊಂದು 2016ರಲ್ಲಿ ಘೋಷಿತವಾಗಿ ಬೆಂಗಳೂರಿನಲ್ಲಿ ನೆಲೆಗೊಂಡಿತು. 1989ರ ನಿಯಮಗಳ ಪ್ರಕಾರ ಇಂಥ ಜೀವಿಗಳನ್ನು ಪರಿಸರಕ್ಕೆ ಬಿಡಲು ಕೇಂದ್ರ ಸಮಿತಿಯ ಅನುಮತಿಯು ಅವಶ್ಯಕ. ಆದರೆ ಅನುಮತಿಯನ್ನು ಹಿಂತೆಗೆದುಕೊಳ್ಳುವುದೂ ಜೀವಿಯನ್ನು ಹಿಂತೆಗೆದುಕೊಳ್ಳುವುದೂ ಒಂದೇ ಅಲ್ಲ.

ಮತ್ತೊಂದು ವಿಚಾರ. ದುಂಬಿಯು ಬಂದು ನಾಲ್ಕು ದಶಕಗಳು ಕಳೆದರೂ ಪಾರ್ಥೇನಿಯಂ ಅಳಿದಿಲ್ಲ. ಪಾಳುಬಿದ್ದ ನೆಲವಿರುವ ತನಕ ಕಳೆಗೆ ಎಡೆಯುಂಟು. ಅಂತೆಯೇ, 2017ರಲ್ಲಿ ಬೆಂಕಿ ಹೊತ್ತಿಕೊಂಡ ಬೆಳ್ಳಂದೂರು ಕೆರೆಗೆ ಯಾವ ಸೂಕ್ಷ್ಮಜೀವಿಯನ್ನು ಬಿಟ್ಟರೂ, ನಗರದ ಕೊಳಚೆನೀರು ನಿಲ್ಲದೆ ಅದು ಸ್ವಸ್ಥವಾಗದು.

ಯಾವ ಜೀವಿ, ಎಲ್ಲಿ, ಯಾವ ದಿನ, ಯಾರ ಅನುಮತಿಯಿಂದ ಬಿಡಲ್ಪಟ್ಟಿತು, ಸುತ್ತಣ ಹೊಲದವರನ್ನು ಕೇಳಲಾಯಿತೇ ಎಂಬ ವಿವರಗಳನ್ನು ದಾನಶಾಸನಗಳಷ್ಟೇ ಶ್ರದ್ಧೆಯಿಂದ ಸಂಗ್ರಹಿಸುವುದು ಚರಿತ್ರೆಯ ವಿದ್ಯಾರ್ಥಿಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ದುಂಬಿಯ ಪ್ರಕರಣವನ್ನು ಕಣ್ಣಾರೆ ಕಂಡ ರೈತರು ಇನ್ನೂ ನಮ್ಮ ನಡುವೆ ಇದ್ದಾರೆ; ಈ ಕಾರ್ಯವನ್ನು ಅವರಿಂದಲೇ ಆರಂಭಿಸಬಹುದು.